ಶುಕ್ರವಾರ ಕಳಿಸದ ಹೆಜ್ಜಾರ್ಲೆ

ನಮ್ಮ ದೊಡ್ಡಮ್ಮ ಚಿಕ್ಕಮಾದಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ಒಲೆ ಮೇಲೆ ಎಸರಿಟ್ಟು ಹಿತ್ತಿಲಿಗೆ ಹೋಗುತ್ತಾಳೆ, ಹಿತ್ತಿಲಿನಿಂದ ಬೀದಿಗೆ ಬರುತ್ತಾಳೆ, ಅಷ್ಟರಲ್ಲಿ ಎಸರು ಉಕ್ಕಿರುತ್ತದೆ. ಈ ವರ್ಷ ಅವಳ ಚಡಪಡಿಕೆ ಇನ್ನೂ ಹೆಚ್ಚಾಗಿದ್ದು ಒಂದು ಹೆಜ್ಜಾರ್ಲೆ ಮರಿಯಿಂದ.

ಮದ್ದೂರಿನಾಚೆ ಶಿಂಷೆಯ ದಂಡೆಯಲ್ಲಿರುವ ನಮ್ಮೂರಿಗೆ ವರ್ಷವರ್ಷವೂ ಹೆಜ್ಜಾರ್ಲೆಗಳು ಬಂದು ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಕೊಕ್ಕಿನ ಕೆಳಗೆ ಚೀಲ ಇಳಿಬಿಟ್ಟ ದೊಡ್ಡ ಹಕ್ಕಿಗಳು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ನಮ್ಮವರು ತಿಳಿದಿರುವುದು. ಯಾರೂ ಕಲ್ಲು ಹೊಡೆಯುವುದಿಲ್ಲ, ಹಣ್ಣು ಬಡಿಯಲು ಮರ ಹತ್ತುವುದಿಲ್ಲ. ಗೂಡಿನಿಂದ ಬಿದ್ದ ಮರಿಯೊಂದನ್ನು ದೊಡ್ಡಮ್ಮ ಎತ್ತಿಕೊಂಡು ಬಂದಳು. ಮೀನು ಹಿಡಿಯುವ ಕರಿಯಯ್ಯನ ಬೆನ್ನು ಬಿದ್ದು ಮೀನು ತರಿಸಿ ಸಾಕಿದಳು. ಮನೆ ತುಂಬ ನಾತ. ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದ ಕೆಲಸಕ್ಕೆ ರಜೆ ಹಾಕಿ ಬಂದಾಗಲೆಲ್ಲ ನಾನು ಮೂಗು ಮುಚ್ಚಿಕೊಂಡು ಬೈದದ್ದೇ ಬೈದದ್ದು. ಕಿವಿಗೆ ಹಾಕಿಕೊಂಡರೆ ತಾನೆ?

ಮರಿ ಮೊದಲ ಸಲ ಸೂರಿನ ಮೇಲೆ ಹಾರಿ ಕೂತ ದಿನ ಶುಕ್ರವಾರ. ಅವತ್ತೇ ಊರಿನ ಹಕ್ಕಿಗಳೆಲ್ಲ ಮರ ಬಿಟ್ಟು ಮೇಲೆ ಸುತ್ತು ಹಾಕುತ್ತಿದ್ದವು. ಈಗಲೇ ಬಿಟ್ಟುಬಿಡು, ಗುಂಪಿನ ಜೊತೆ ಹೋಗುತ್ತದೆ, ಒಂಟಿಯಾಗಿ ಉಳಿದರೆ ನಾಯಿ ಪಾಲು ಎಂದು ಕರಿಯಯ್ಯ ಹೇಳಿದ. ನಾನೂ ಹೇಳಿದೆ. ದೊಡ್ಡಮ್ಮ ಅದನ್ನು ಇಳಿಸಿಕೊಂಡು ಮಂಕರಿ ಕವುಚಿಹಾಕಿ, ಮೇಲೊಂದು ಕಲ್ಲು ಹೇರಿದಳು.

"ಸುಕ್ರವಾರ ಯಾರಾದ್ರೂ ಎಣ್ಣುಮಕ್ಕಳ್ನ ತವರಿಂದ ಕಳಿಸ್ತಾರೇನೆ ಶಾಲಿನಿ?" ಅಂದಳು.

ನನಗೆ ಪಿತ್ತ ನೆತ್ತಿಗೇರಿತು. ಹಕ್ಕಿಗೆಂಥ ಶುಕ್ರವಾರ, ಅದು ಗಂಡೋ ಹೆಣ್ಣೋ ಯಾರು ಕಂಡರು ಎಂದು ಕೂಗಾಡಿದೆ. ಆಮೇಲೆ ನೆನಪಾಯಿತು. ಅವಳ ಒಬ್ಬಳೇ ಮಗಳು ವೀಣ ಬಾಣಂತನ ಮುಗಿಸಿಕೊಂಡು ಹೊರಟದ್ದೂ ಶುಕ್ರವಾರವೇ. ಅಳಿಯ ಅವಸರ ಮಾಡಿದ್ದ. ದೊಡ್ಡಮ್ಮ ಬೇಡ ಬೇಡ ಅನ್ನುತ್ತಲೇ ಮಡಿಲಕ್ಕಿ ಕಟ್ಟಿ ಕಳಿಸಿದ್ದಳು. ಗಂಡನ ಮನೆಯಲ್ಲಿ ಜ್ವರ ಬಂದು ಮಲಗಿದ ವೀಣ ಮತ್ತೆ ಏಳಲಿಲ್ಲ. ಅದಕ್ಕೆ ದೊಡ್ಡಮ್ಮ ಇವತ್ತಿಗೂ ಆ ವಾರವನ್ನೇ ದೂರುತ್ತಾಳೆ.

ಸಂಜೆಗೆ ಮರಗಳೆಲ್ಲ ಖಾಲಿ. ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. ಮಂಕರಿಯ ಹತ್ತಿರ ಹೋಗುತ್ತಾಳೆ, ಬೀದಿಗೆ ಬಂದು ಆಕಾಶ ನೋಡುತ್ತಾಳೆ, ಮತ್ತೆ ಒಳಗೆ. ನಾನೇ ನನ್ನ ಮಗೀನ ಒಂಟಿ ಮಾಡಿದೆ ಅಂತ ತನ್ನನ್ನೇ ಬೈದುಕೊಂಡಳು. ಊಟಕ್ಕೂ ಕೂರಲಿಲ್ಲ.

ಬೆಳಗ್ಗೆ ಕರಿಯಯ್ಯ ಓಡಿಬಂದ. ಊರಿನ ಕೆಳಗಡೆ ಹೊಳೆ ಧುಮುಕುವ ಫಾಲ್ಸಿನ ಮಡುವಿನಲ್ಲಿ ಹಿಂದುಳಿದ ನಾಲ್ಕಾರು ಹೆಜ್ಜಾರ್ಲೆ ಇನ್ನೂ ಮೀನು ಹಿಡಿಯುತ್ತಿವೆಯಂತೆ. ದೊಡ್ಡಮ್ಮ ಮರಿಯನ್ನು ಮಂಕರಿಗೆ ಹಾಕಿ, ಅದರೊಳಗೆ ಒಂದು ಹಿಡಿ ಮಡಿಲಕ್ಕಿ ಇಟ್ಟು, ತಲೆ ಮೇಲೆ ಹೊತ್ತಳು. ಮೀನು ತಿನ್ನುವ ಹಕ್ಕಿಗೆ ಅಕ್ಕಿ! ನಾನು ಈ ಸಲ ಬೈಯದೆ ಅವಳ ಹಿಂದೆಯೇ ಹೊರಟೆ.

ದಾರಿಯೇನೋ ಸಲೀಸು. ಹೊಂಗೆ ಮರಗಳ ನೆರಳಲ್ಲಿ ಹೊಳೆಯ ದಂಡೆ ಹಿಡಿದು ನಡೆದರಾಯಿತು. ಭಾನುವಾರ ಮಳವಳ್ಳಿ ಕಡೆಯವರು ಕೂಸುಗಳನ್ನು ಎತ್ತಿಕೊಂಡೇ ಬಂದು ಹೋಗುತ್ತಾರೆ. ನೀರಿನಂಚಿನಲ್ಲಿ ಮಿಂಚುಳ್ಳಿ ಕೂತಿತ್ತು, ಬಂಡೆ ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ದೊಡ್ಡಮ್ಮನಿಗೆ ಅವು ಯಾವುವೂ ಬೇಡ. ಬೆಳ್ಳಕ್ಕಿ ಕಂಡರೂ ಅದೇನಾ, ಅದೇನಾ ಎಂದು ನನ್ನ ತೋಳು ಜಗ್ಗುತ್ತಿದ್ದಳು. ನೀರು ಬೀಳುವ ಸದ್ದು ಕೇಳಿದ ಮೇಲಂತೂ ಓಡಿಯೇಬಿಟ್ಟಳು.

ಮಡುವಿನ ಆಚೆ ದಡದಲ್ಲಿ ಹಕ್ಕಿಗಳಿದ್ದವು. ಆದರೆ ನಮ್ಮ ಮರಿ ಮಂಕರಿಯಿಂದ ಇಳಿದು ದೊಡ್ಡಮ್ಮನ ಕಾಲ ಬುಡದಲ್ಲೇ ನಿಂತು ಮೀನಿಗೆ ಬಾಯಿ ತೆರೆಯಿತು. ತಳ್ಳಿದರೆ ತಿರುಗಿ ಬರುತ್ತದೆ. ಆಚೆಯ ಹಕ್ಕಿಗಳು ಒಂದೊಂದಾಗಿ ಎದ್ದವು.

ದೊಡ್ಡಮ್ಮ ಅದಕ್ಕೆ ಬೆನ್ನು ಹಾಕಿ ನಿಂತಳು. "ಓಗವ್ವ, ನಿನ್ನೋರು ಓಯ್ತಾವ್ರೆ," ಅಂದಳು. ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು, ಆದರೆ ತಿರುಗಲಿಲ್ಲ.

ಮರಿ ಸ್ವಲ್ಪ ಹೊತ್ತು ಅವಳ ಸೀರೆ ಎಳೆಯಿತು. ಮೀನು ಸಿಗಲಿಲ್ಲ. ನೀರಿಗಿಳಿಯಿತು, ರೆಕ್ಕೆ ಬಡಿಯುತ್ತ ನೀರ ಮೇಲೆ ಓಡಿತು, ಎದ್ದಿತು. ಫಾಲ್ಸಿನ ಮೇಲೆ ಒಂದು ಸುತ್ತು ಹಾಕಿ ಉಳಿದವುಗಳ ಹಿಂದೆ ಸೇರಿಕೊಂಡಿತು. ಹೋಯಿತು ದೊಡ್ಡಮ್ಮ, ಸೇರಿಕೊಂಡಿತು ಎಂದೆ.

ಆಗ ಅವಳು ಬಂಡೆ ಮೇಲೆ ಕೂತಳು. ಬಿಸಿಲೇರಿ ನಾನು ಕರೆದರೂ ಏಳಲಿಲ್ಲ.

"ಸನಿವಾರ ಕಳಿಸಿವ್ನಿ ಕಣೆ," ಅಂದಳು. "ಇವ್ಳು ತಿರುಗಿ ಬತ್ತಾಳೆ."