ತಂಗಿಯ ಎಂಟನೇ ಕ್ಲಾಸು

ನನ್ನ ಕೊನೆಯ ತಮ್ಮ ಹುಟ್ಟಬಾರದಿತ್ತು. ಇಷ್ಟು ಬರೆದವಳೇ ಎದ್ದು ಹೋಗಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ನೋಡಿಕೊಂಡು ಬಂದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನು ಬಾಯಿತುಂಬ ಅಕ್ಕಾ ಎಂದು ಕರೆಯುವವನು ಅವನೊಬ್ಬನೇ. ಆದರೆ ಅವನು ಹುಟ್ಟಿದ್ದರಿಂದ ನನ್ನ ತಂಗಿಯ ಓದು ನಿಂತಿತು. ಅವನು ಹುಟ್ಟುವಂತೆ ಮಾಡಿದವಳು ನಾನು.

ನಮ್ಮ ಮನೆ ಮದ್ದೂರಿನಲ್ಲಿತ್ತು. ಅಪ್ಪ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದ. ಅವ್ವ ಅಕ್ಕಿ ಮಿಲ್ಲಿಗೆ ಕೇರುವ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪನ ತಾಯಿ, ನಮ್ಮ ಅಜ್ಜಿ, ಮಂಡಿ ನೋವಿನಿಂದ ಕೂತಲ್ಲೇ ಕೂತಿರುತ್ತಿದ್ದಳು. ಆದ್ದರಿಂದ ಅವ್ವ ಹೆತ್ತು ಕೆಲಸಕ್ಕೆ ಮರಳಿದಾಗ ಮಗು ನೋಡಿಕೊಳ್ಳಲು ಮನೆಯ ಒಬ್ಬ ಹೆಣ್ಣುಮಗಳು ಸ್ಕೂಲು ಬಿಡಬೇಕಿತ್ತು. ಇದು ಯಾರೂ ಮಾಡಿದ ಕಾನೂನಲ್ಲ, ನಡೆದುಕೊಂಡು ಬಂದದ್ದು. ನಾನು ಮೂರನೇ ಕ್ಲಾಸಿಗೆ ಬಿಟ್ಟೆ. ಮೊದಲ ಇಬ್ಬರು ತಮ್ಮಂದಿರನ್ನೂ ಅವರ ನಂತರದ ಚಿಕ್ಕ ತಂಗಿ ಪುಟ್ಟಿಯನ್ನೂ ನಾನೇ ಸಾಕಿದೆ. ನನ್ನ ಬೆನ್ನಿಗೆ ಹುಟ್ಟಿದ ತಂಗಿ ಮಾತ್ರ ಓದುತ್ತಿದ್ದಳು. ಚೆನ್ನಾಗಿಯೇ ಓದುತ್ತಿದ್ದಳು. ಮನೆಯಲ್ಲಿ ಯಾರಿಗೂ ಬಾರದ ಮಗ್ಗಿಯನ್ನು ಪಾತ್ರೆ ಬೆಳಗುತ್ತಾ ಹೇಳುತ್ತಿದ್ದಳು.

ಎಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು. ಆಸ್ಪತ್ರೆಯ ಗೋಡೆ, ಬಸ್ ಸ್ಟ್ಯಾಂಡಿನ ಗೋಡೆ, ಎಲ್ಲಿ ನೋಡಿದರೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ನಮ್ಮ ಬೀದಿಗೆ ಬರುತ್ತಿದ್ದ ನರ್ಸಮ್ಮ ಪುಟ್ಟಿಯನ್ನು ನೋಡುವ ನೆಪದಲ್ಲಿ ಅವ್ವನ ಜೊತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾತಾಡುತ್ತಿದ್ದಳು. ಆಗ ನನ್ನ ಮದುವೆ ಮಂಡ್ಯದ ಹತ್ತಿರದ ಹೊಳಲಿನ ಕಡೆಗೆ ಗೊತ್ತಾಗಿತ್ತು. ವೈಶಾಖಕ್ಕೆ ಧಾರೆ. ಒಂದು ದಿನ ಅವ್ವ ನನ್ನನ್ನು ಕಲ್ಲಿನ ಹತ್ತಿರ ಕರೆದಳು.

"ಮಳವಳ್ಳಿಗೆ ತೌರ್ಮನೆಗೆ ಓಯ್ತೀನಿ ಅಂತ ಅಜ್ಜಿಗೆ ಏಳ್ತೀನಿ. ಆದ್ರೆ ಓಗಾದು ಮಂಡ್ಯಕ್ಕೆ ಕಣೆ. ಆಪ್ರೇಸನ್ ಮಾಡುಸ್ಕಬತ್ತೀನಿ. ನಿಮ್ಮಪ್ಪ ಊಂ ಅಂದವ್ನೆ. ಒಂದು ವಾರ ಮನೆ ನೋಡ್ಕೊ."

"ಯಾಕವ್ವಾ?"

"ಯಾಕಾ? ನೀನು ಗಂಡನ್ ಮನೆಗೆ ಓದ್ಮೇಲೆ ಇನ್ನೊಂದು ಉಟ್ಟುದ್ರೆ ಯಾರು ಎತ್ಕಬೇಕು? ಅವ್ಳಾ? ಅವ್ಳು ಓದ್ಲಿ ಬುಡು."

ನರ್ಸಮ್ಮ ನನಗೂ ಬುದ್ಧಿ ಹೇಳಿದಳು. "ಬಂದ ಮೇಲೆ ಮೂರು ತಿಂಗಳು ನಿಮ್ಮಮ್ಮ ಭಾರ ಎತ್ತಬಾರದು. ಕೊಡಪಾನ ಗಿಡಪಾನ ಎಲ್ಲಾ ನಿಂದೇ."

ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಲ್ಲಿ ಮದುವೆಗೆ ಮುಂಚೆ ಕುಂಬಾರರ ಮನೆಯಿಂದ ಬಣ್ಣ ಬಳಿದ ಮಡಕೆಗಳನ್ನು ತರುತ್ತಾರೆ. ಅವಕ್ಕೆ ಐರಾಣಿ ಎನ್ನುತ್ತೇವೆ. ಮದುವಣಗಿತ್ತಿಯ ತಾಯಿ ಅದನ್ನು ತಲೆಯ ಮೇಲೆ ಹೊತ್ತು, ಸೋಬಾನೆ ಹೇಳುವ ಹೆಂಗಸರ ನಡುವೆ ಬೀದಿಯಲ್ಲಿ ಬರಬೇಕು. ಹಿಂದಿನ ವರ್ಷ ನಮ್ಮ ಬೀದಿಯ ತಾಯಿಯಿಲ್ಲದ ಹುಡುಗಿಯ ಐರಾಣಿಯನ್ನು ಅವಳ ಸೋದರತ್ತೆ ಹೊತ್ತಿದ್ದಳು. ಹೆಂಗಸರು ಸಂಜೆಯತನಕ ಅಯ್ಯೋ ಪಾಪ ಅಂದಿದ್ದರು. ಆ ಹುಡುಗಿ ತಲೆ ತಗ್ಗಿಸಿ ಕೂತಿದ್ದು ನನ್ನ ಕಣ್ಣಿನಲ್ಲೇ ಇತ್ತು.

"ಅಂಗಾದ್ರೆ ನನ್ ಐರಾಣಿ ಯಾರು ಒರಾದು?" ಎಂದೆ.

"ಚಿಕ್ಕವ್ವ ಒರ್ತಾಳೆ ಬುಡು. ಮಡಕೆ ತಾನೆ?"

ಮಡಕೆ ತಾನೆ. ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಇಷ್ಟು ವರ್ಷ ಇವಳ ಮಕ್ಕಳನ್ನು ಸೊಂಟದಲ್ಲಿ ಹೊತ್ತೆ, ಇವಳು ನನಗೋಸ್ಕರ ಒಂದು ಮಡಕೆ ಹೊರುವುದಿಲ್ಲವೇ? ತಂಗಿಯ ಓದು ಇವಳಿಗೆ ಕಾಣುತ್ತದೆ, ನನ್ನದು ಯಾಕೆ ಕಾಣಲಿಲ್ಲ? ಪುಟ್ಟಿಗೆ ಅನ್ನ ತಿನ್ನಿಸುವಾಗ, ಕುದುರೆಗೆ ಹುಲ್ಲು ಹಾಕುವಾಗ, ಇದೇ ಯೋಚನೆ. ಅವ್ವ ಮಂಡ್ಯದ ಆಪರೇಷನ್ ಕ್ಯಾಂಪಿಗೆ ಹೋಗುವ ಹಿಂದಿನ ದಿನ ಅಜ್ಜಿಗೆ ಎಲೆ ಅಡಿಕೆ ಕುಟ್ಟಿ ಕೊಡುತ್ತಿದ್ದೆ. ಅಜ್ಜಿ ಸುಮ್ಮನೆ ಕೇಳಿದಳು.

"ಆ ನರ್ಸು ಏನೇ, ನಮ್ಮನೇಲೇ ನೆಂಟಸ್ತ್ನ ಮಾಡ್ಕಂಡವ್ಳಾ?"

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ. ಅಡಿಕೆ ಕುಟ್ಟುವುದನ್ನು ನಿಲ್ಲಿಸದೆ ಹೇಳಿದೆ.

ಬೆಳಿಗ್ಗೆ ಅವ್ವ ಬಟ್ಟೆಯ ಗಂಟು ಹಿಡಿದು ಹೊರಟಾಗ ಅಜ್ಜಿ ಹೊಸ್ತಿಲಿಗೆ ಅಡ್ಡ ಕೂತಿದ್ದಳು.

"ಮಳವಳ್ಳಿಗಂತಾ? ನನ್ ಎಣ ದಾಟ್ಕಂಡೋಗು. ಒಟ್ಟೆ ಕುಯ್ಸ್ಕಂಡ್ ಬಂದೋಳು ಮದ್ವೆ ಮನೇಲಿ ಅರಿಸ್ನ ಮುಟ್ತೀಯಾ? ಬೀಗ್ರು ಕೇಳುದ್ರೆ ಸಂಬಂದ ಬುಡ್ತಾರೆ ಕಣಮ್ಮಿ!"

"ಅತ್ತೆ, ಐದು ಸಾಲ್ದಾ?"

"ನಾನು ಒಂಬತ್ತು ಎತ್ತೆ. ಸತ್ನಾ?"

ಅವ್ವ ತಿರುಗಿ ಅಪ್ಪನನ್ನು ನೋಡಿದಳು. ಅವನು ಅಂಗಳದಲ್ಲಿ ಕುದುರೆಯ ಲಗಾಮು ಹಿಡಿದು ನಿಂತಿದ್ದ. "ಬಾಯ್ ಕಟ್ಕಂಡಿರಾಕಾಗ್ನಿಲ್ವಾ ನಿಂಗೆ?" ಎಂದಳು. ಅಪ್ಪ ಏನೋ ಹೇಳಲು ಹೋಗಿ ನನ್ನ ಮುಖ ನೋಡಿದ. ಒಂದು ಗಳಿಗೆ ನೋಡಿದ. ಆಮೇಲೆ, "ಬಾಯ್ ತಪ್ಪಿ ಬಂತು" ಎಂದು ಕುದುರೆಯ ಕಡೆ ತಿರುಗಿದ. ಅವ್ವ ಬಟ್ಟೆಯ ಗಂಟನ್ನು ಮತ್ತೆ ಒಳಗಿಟ್ಟಳು. ಬಹಳ ದಿನ ಅವನಿಗೆ ನೆಟ್ಟಗೆ ಉತ್ತರ ಕೊಡಲಿಲ್ಲ. ನಾನು ಇಬ್ಬರಿಗೂ ಊಟ ಬಡಿಸುತ್ತಿದ್ದೆ.

ವೈಶಾಖದಲ್ಲಿ ಅವ್ವ ಐರಾಣಿ ಹೊತ್ತಳು. ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಬೀದಿಯ ಮಧ್ಯದಲ್ಲಿ ನಿಂತು, ಮಡಕೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಚರಂಡಿಯ ಕಡೆ ಬಾಗಿ ವಾಂತಿ ಮಾಡಿಕೊಂಡಳು. ಚಿಕ್ಕವ್ವ, "ಕೊಡಕ್ಕಾ ಇತ್ಲಾಗೆ" ಎಂದರೂ ಕೊಡಲಿಲ್ಲ. ಬಾಯಿ ಒರೆಸಿಕೊಂಡು ಮತ್ತೆ ನಡೆದಳು. ಉಪವಾಸ ಇದ್ದಿದ್ದಕ್ಕೆ ಇರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಆಗ ನನಗೆ ಬರೀ ಖುಷಿ.

ಮಾರ್ಗಶಿರದಲ್ಲಿ ಗಂಡು ಮಗು ಹುಟ್ಟಿತು. ನಾನು ಬಾಣಂತಿ ನೋಡಲು ಹೊಳಲಿನಿಂದ ಬಂದಾಗ ಮಗು ತಲೆಗೆ ನೀಲಿ ಕುಂಚಿಗೆ ಕಟ್ಟಿಕೊಂಡು ಮಲಗಿತ್ತು. ಆ ನೀಲಿ ನನಗೆ ಗೊತ್ತಿತ್ತು. ತಂಗಿಯ ಸ್ಕೂಲಿನ ಲಂಗ.

"ಇನ್ಯಾಕೆ ಅದು? ಬಟ್ಟೆ ಗಟ್ಟಿ ಐತೆ, ಇವನ್ಗಾದ್ರೂ ಆಯ್ತದೆ" ಎಂದಳು ತಂಗಿ. ಅವಳು ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯನ್ನೂ ಬರೆದಿರಲಿಲ್ಲ. ನಾನು ಅದೇ ದಿನ ಸಂಜೆಯ ಬಸ್ಸಿಗೆ ಹೊರಟುಬಿಟ್ಟೆ.

ಆಮೇಲೆ ತವರಿಗೆ ಬಂದಾಗೆಲ್ಲ ಅವಳಿಗೆ ಹೇಳಬೇಕೆಂದು ಬರುತ್ತಿದ್ದೆ. ಬೇರೇನೋ ಮಾತಾಡಿ ಹೋಗುತ್ತಿದ್ದೆ. ಹೀಗೇ ವರ್ಷಗಳು ಹೋದವು. ತಮ್ಮನಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ, ಇಬ್ಬರೂ ರಾಗಿ ಕೇರುತ್ತಿದ್ದೆವು, ತಡೆಯಲಾರದೆ ಹೇಳಿದೆ. ಅಪ್ಪ ಅಲ್ಲ, ನಾನೇ ಹೇಳಿದ್ದು ಎಂದೆ. ಐರಾಣಿಯ ವಿಷಯವನ್ನೂ ಹೇಳಿದೆ.

ಅವಳು ಮೊರ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ.

"ಅಳ್ಬೇಡ, ರಾಗಿ ನೆನ್ದೋಯ್ತದೆ" ಎಂದಳು. ಮೊರವನ್ನು ಮತ್ತೆ ಎತ್ತಿಕೊಂಡು, "ಒಂದ್ ಕೆಲ್ಸ ಮಾಡಕ್ಕಾ. ಪಕ್ಕದ ಬೀದಿ ಟೀಚರಮ್ಮ ಪಾಠ ಏಳ್ಕೊಡ್ತೀನಿ ಅಂದವ್ರೆ. ಖಾಸಗಿಯಾಗಿ ಎಸ್ಸೆಲ್ಸಿ ಕಟ್ಬೌದಂತೆ. ಇವನ್ನ ಮುಂದುನ್ ವರ್ಸ ಸ್ಕೂಲ್ಗೆ ಆಕಾಗಂಟ ನಿಮ್ಮೂರಲ್ಲಿ ಇಟ್ಕೊ. ಅಷ್ಟು ಸಾಕು" ಎಂದಳು.

ನನಗೆ ಹೂವು ಎತ್ತಿದಷ್ಟು ಹಗುರವಾಯಿತು. ಅವತ್ತೇ ತಮ್ಮನನ್ನು ಕರೆದುಕೊಂಡು ಹೊಳಲಿಗೆ ಹೋದೆ.

ಅವನು ಅಳಲು ಶುರುಮಾಡಿದ. ಅವ್ವನನ್ನಲ್ಲ, ತಂಗಿಯನ್ನು ಕೇಳಿಕೊಂಡು ಅತ್ತ. ಉಣ್ಣಲಿಲ್ಲ. ನನ್ನ ಎರಡು ವರ್ಷದ ಮಗಳನ್ನು ಕಚ್ಚಿದ. ನಮ್ಮತ್ತೆ, "ನಿನ್ ತೌರುನ್ ಬಾಣಂತನ ಇನ್ನೂ ಮುಗ್ದಿಲ್ವಾ?" ಎಂದು ಬಾವಿಕಟ್ಟೆಯಲ್ಲಿ ನಾಲ್ಕು ಜನಕ್ಕೆ ಕೇಳುವಂತೆ ಕೇಳಿದರು. ಗಂಡ ಮುಖ ದಪ್ಪ ಮಾಡಿಕೊಂಡ. ವಾರ ಕಳೆಯುವಷ್ಟರಲ್ಲಿ ನಾನು ಮಗುವಿಗೆ ಬಟ್ಟೆ ಹಾಕಿ ಬಸ್ಸು ಹತ್ತಿದೆ. ಮಗುವಿಗೆ ಕಷ್ಟವಾಗುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸಿನಲ್ಲಿ ಅವನು ಅಳಲೇ ಇಲ್ಲ. ಕಬ್ಬಿನ ಗಾಡಿಗಳನ್ನು ಎಣಿಸುತ್ತಾ, ನನ್ನ ಸೆರಗು ಹಿಡಿದುಕೊಂಡು, ನಾನು ಕೊಟ್ಟ ಬಾಳೆಹಣ್ಣು ತಿಂದ. ಗೆಜ್ಜಲಗೆರೆಯ ಹತ್ತಿರ ಇಳಿದು ಹಿಂದಕ್ಕೆ ಹೋಗಿಬಿಡೋಣ ಅನ್ನಿಸಿತು. ಬಸ್ಸು ಅಲ್ಲಿ ನಿಂತಿತು ಕೂಡ. ನಾನು ಏಳಲಿಲ್ಲ.

ತಂಗಿ ಜಗಲಿಯ ಮೇಲೆ ಕೂತು ಓದುತ್ತಿದ್ದಳು. ನಮ್ಮನ್ನು ಕಂಡು ಬೆರಳನ್ನು ಪುಟದ ನಡುವೆ ಇಟ್ಟುಕೊಂಡೇ ಎದ್ದಳು.

"ಶಾನೆ ಅತ್ನಾ?"

"ಊಂ."

"ಇನ್ನೂ ಅಳ್ತಿದ್ನಾ?"

ನಾನು ಮತ್ತೆ ಊಂ ಎಂದೆ.

ಅವಳು ಪುಸ್ತಕ ಮುಚ್ಚಿದಳು. ಟೀಚರಮ್ಮನದು, ವಾಪಸು ಕೊಟ್ಟು ಬರುತ್ತೇನೆ, ಅಲ್ಲಿವರೆಗೆ ಇವನನ್ನು ನೋಡಿಕೋ ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳು ಬರುವತನಕ ನಾನು ನೋಡಿಕೊಂಡೆ. ಅವನು ನನ್ನ ತೊಡೆಯ ಮೇಲೆ ಸುಮ್ಮನೆ ಕೂತಿದ್ದ.