ಶಾವಿಗೆ ಒಣಗದ ಹಿತ್ತಲು

ಕಡೂರಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುವ ಕಾಲೇಜಿಗೆ ಎರಡನೇ ಮಹಡಿ ಎದ್ದ ವರ್ಷ, ಆವರಣದಲ್ಲಿ ಎಲ್ಲೆಲ್ಲಿ ಏನೇನು ನೆಡಬೇಕೆಂಬ ನಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಪೂರ್ವದ ಕಾಂಪೌಂಡಿಗೆ ಅಂಟಿಕೊಂಡೇ ಒಂದು ಸಾಲು ಮನೆಗಳ ಹಿತ್ತಲುಗಳಿವೆ. ಅವರನ್ನೂ ಒಂದು ಮಾತು ಕೇಳೋಣವೆಂದು ಹೋದೆ.

ಕೊನೆಯ ಮನೆಯಲ್ಲಿದ್ದ ಹೆಂಗಸು ಶಾವಿಗೆ ಮಾಡಿ ಮಾರುತ್ತಿದ್ದರು. ನನ್ನನ್ನು ಕಂಡದ್ದೇ ಕಾಲೇಜಿನ ಕಡೆ ಕೈ ತೋರಿಸಿದರು.

"ಆ ಮೇಲಿನ ವರಾಂಡದಲ್ಲಿ ಹುಡುಗ್ರು ನಿಂತ್ಕೊಂಡು ಇಲ್ಲಿಗೇ ನೋಡ್ತಾರೆ ಸಾರ್. ನಮ್ಮ ಸೊಸೆ ಬಚ್ಚಲಿಗೆ ಹೋಗಕ್ಕೂ ಹಿಂಜರೀತಾಳೆ. ಅಡ್ಡ ಏನಾದ್ರೂ ಹಾಕ್ಸಿ."

ಬೇಗ ಬೆಳೆಯಲಿ, ದಟ್ಟವಾಗಿರಲಿ ಎಂದು ಗೋಡೆಯುದ್ದಕ್ಕೂ ಮಹಾಗನಿ ಹಾಕಿಸಿದೆ. ಮೊದಲ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಕೈಕೊಟ್ಟಾಗ ಆಕೆ ತಮ್ಮ ನಲ್ಲಿಯಿಂದಲೇ ಗೋಡೆಯ ಮೇಲೆ ಪೈಪು ಹಾಯಿಸಿ ಗಿಡಗಳಿಗೆ ನೀರು ಬಿಟ್ಟರು. ಮೂರು ವರ್ಷಕ್ಕೆ ಬಚ್ಚಲು ಮರೆಯಾಯಿತು. ನನಗೆ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ.

ಆರನೇ ವರ್ಷದ ಮಾರ್ಚಿನಲ್ಲಿ ಅವರು ಸ್ಟಾಫ್ ರೂಮಿಗೆ ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಮಧ್ಯಾಹ್ನ ಊಟದ ಹೊತ್ತಿಗೇ ನೆರಳು ಬಿದ್ದೋಗುತ್ತೆ ಸಾರ್. ಶಾವಿಗೆ ಅವತ್ತಿಂದವತ್ತೇ ಒಣಗ್ದೇ ಇದ್ರೆ ಹುಳಿ ಬತ್ತದೆ. ಎರಡು ದಿನದ್ದು ಎಮ್ಮೆಗೆ ಹಾಕ್ದೆ."

ಸಂಜೆ ಮನೆಗೆ ಹೋಗುವ ಬೀರೂರಿನ ಬಸ್ಸು ಬಿಟ್ಟು ಅವರ ಹಿತ್ತಲಿಗೆ ಹೋಗಿ ನೋಡಿದೆ. ಕೋಲುಗಳ ಮೇಲೆ ಇಳಿಬಿಟ್ಟ ಶಾವಿಗೆ ಮುಟ್ಟಿದರೆ ಇನ್ನೂ ಮೆತ್ತಗಿತ್ತು. ಮರ ಎಷ್ಟು ಎತ್ತರ ಹೋಗುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವವನು ನಾನು. ಅದರ ನೆರಳು ಎಲ್ಲಿ ಬೀಳುತ್ತದೆ ಎಂದು ನಕ್ಷೆ ಬರೆಯುವಾಗ ಒಮ್ಮೆಯೂ ಯೋಚಿಸಿರಲಿಲ್ಲ.

ಆ ಹೊತ್ತಿಗೆ ಪ್ರಿನ್ಸಿಪಾಲರು ಬದಲಾಗಿದ್ದರು. "ಹಾಕ್ಸಿದ್ದು ನೀವೇ ಅಲ್ವೇನ್ರೀ? ಈಗ ಕಡೀಬೇಕು ಅಂದ್ರೆ ಹೆಂಗೆ?" ಎಂದರು. ಆದರೂ ಅರಣ್ಯ ಇಲಾಖೆಗೆ ಅರ್ಜಿ ಬರೆಯಲು ಒಪ್ಪಿದರು. ಎರಡು ಬಾರಿ ಬರೆದೆವು. ಉತ್ತರ ಬರಲಿಲ್ಲ. ಕೈಗೆಟುಕುವ ಕೊಂಬೆಗಳನ್ನಷ್ಟೇ ಸವರಿಸಿದೆ. ನೆರಳು ಬೀಳುತ್ತಿದ್ದದ್ದು ಮರಗಳ ತುದಿಯಿಂದ. ಅದು ಹಾಗೇ ಉಳಿಯಿತು. ಕೆಳಗೆ ಮಾತ್ರ ಸಂದು ಬಿಟ್ಟು ಬಚ್ಚಲು ಮತ್ತೆ ಕಾಣತೊಡಗಿತು.

ಮುಂದಿನ ವಾರ ಹೋದಾಗ ಅವರ ಸೊಸೆ ಬಾಗಿಲ ಮರೆಯಿಂದಲೇ ದಖ್ಖನಿ ಉರ್ದುವಿನಲ್ಲಿ ಜೋರಾಗಿ ಏನೋ ಹೇಳಿದಳು. ಅತ್ತೆ ತಲೆ ತಗ್ಗಿಸಿದರು.

"ಇನ್ನೊಂದು ಕೊಂಬೇನೂ ಮುಟ್ಟಬೇಡಿ ಅಂತಾಳೆ. ಅವಳು ಹೇಳೋದೂ ಸರೀನೇ. ಬಿಸಿಲಿಲ್ದೆ ನಾನೇನು ಮಾಡ್ಲಿ? ನೀವೇ ಒಂದು ದಾರಿ ಹೇಳಿ ಸಾರ್, ಓದ್ದೋರು."

"ನೋಡ್ತೀನಿ ತಾಯಿ," ಎಂದೆ. ನೋಡುವುದಕ್ಕೆ ಏನೂ ಉಳಿದಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಟೀ ಕೊಟ್ಟರು. ಕುಡಿದು ಎದ್ದೆ.

ಈಗ ಅವರು ಹಸಿ ಶಾವಿಗೆಯನ್ನು ಬುಟ್ಟಿಯಲ್ಲಿ ಹೊತ್ತು ಮೂರು ಬೀದಿ ಆಚೆ ತಂಗಿಯ ಮನೆಯ ತಾರಸಿಗೆ ಒಯ್ಯುತ್ತಾರೆ. ದಾರಿಯಲ್ಲಿ ಅರ್ಧ ಅಂಟಿಕೊಂಡು ಮುದ್ದೆಯಾಗುತ್ತದಂತೆ. ಮೊನ್ನೆ ಬಸ್‌ಸ್ಟ್ಯಾಂಡಿನಿಂದ ನಡೆದು ಬರುವಾಗ ಎದುರು ಸಿಕ್ಕರು, ಮೊಣಕಾಲು ಹಿಡಿದುಕೊಂಡು ಒಂದು ಜಗುಲಿಯ ಮೇಲೆ ಕೂತಿದ್ದರು. ಬುಟ್ಟಿ ನಾನು ತರುತ್ತೇನೆ ಎಂದು ಕೈ ಹಾಕಿದೆ.

"ಬ್ಯಾಡ ಸಾರ್, ನಿಮ್ಗೆ ಕ್ಲಾಸಿಗೆ ಹೊತ್ತಾಗುತ್ತೆ," ಎಂದು ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.