ಅತ್ತೆ ಇಳಿಯದ ಬಸ್ಸು

ಮೊನ್ನೆ ಓಲ್ಡ್ ಬ್ರಿಡ್ಜ್ ಊರಿನ ಸಿಗ್ನಲ್ಲಿನಲ್ಲಿ ಹಳೆಯ ಲಾರಿಯೊಂದು ನಮ್ಮ ಕಾರಿನ ಮುಂದೆ ನಿಂತು ಡೀಸೆಲ್ ಹೊಗೆಯನ್ನು ನೇರ ಮುಖಕ್ಕೇ ಊದಿತು. ಕಾರು ಓಡಿಸುತ್ತಿದ್ದ ಮಗಳು ಮೂಗು ಮುಚ್ಚಿಕೊಂಡು ಕಿಟಕಿ ಏರಿಸಿದಳು. ನಾನು ಮಾತ್ರ ಇನ್ನೊಂದು ಸಲ ಉಸಿರೆಳೆದುಕೊಂಡೆ.

"ಅಮ್ಮಾ, ಡೋಂಟ್ ಟೆಲ್ ಮಿ. ದಿ ಬಸ್ ಸ್ಟೋರಿ?" ಎಂದಳು.

ನಮ್ಮ ಮನೆಗೆ ಊಟಕ್ಕೆ ಬಂದವರೆಲ್ಲ ಕೇಳಿ ನಕ್ಕ ಕತೆ ಅದು. ನೀವು ಕೇಳಿರಲಾರಿರಿ.

ಎಪ್ಪತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಈ ಪರದೇಶಕ್ಕೆ, ಹಿಲ್ಸ್‌ಬರೋಗೆ ಬಂದು ನನಗೆ ಎಂಟು ತಿಂಗಳು. ಮೈಸೂರಿನಿಂದ ಅತ್ತೆ ಬಂದು ಮೂರು ವಾರ. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದೆ, ಆದರೆ ಇಲ್ಲಿಯವರು ಆಡುತ್ತಿದ್ದದ್ದು ಆ ಇಂಗ್ಲಿಷ್ ಅಲ್ಲ. ಅದನ್ನು ಅತ್ತೆಯೆದುರು ಒಪ್ಪಿಕೊಳ್ಳುವುದುಂಟೆ? ಅವರು ಕೇಳಿದ್ದಕ್ಕೆಲ್ಲ ಏನಾದರೊಂದು ಉತ್ತರ ಕೊಟ್ಟುಬಿಡುತ್ತಿದ್ದೆ.

ಒಂದು ಶನಿವಾರ ನಮ್ಮವರಿಗೆ ಹೊಟ್ಟೆನೋವು ಬಂದು, ಆಫೀಸಿನ ಗೆಳೆಯರೊಬ್ಬರು ಆಸ್ಪತ್ರೆಗೆ ಕರೆದೊಯ್ದರು. ಸಂಜೆ ಆ ಗೆಳೆಯರೇ ಫೋನ್ ಮಾಡಿ, "ಅಪೆಂಡಿಕ್ಸ್. ಆಪರೇಷನ್ ಆಯ್ತು, ಚೆನ್ನಾಗಿದಾರೆ. ನಾಳೆ ಕಾರು ತರ್ತೀನಿ," ಎಂದರು. ನಾನು ಬಿಗುಮಾನದಿಂದ, "ಬಸ್ಸಿದೆಯಲ್ಲ, ನಾವೇ ಹೋಗ್ತೀವಿ," ಎಂದುಬಿಟ್ಟೆ. ಬೆಳಗ್ಗೆ ಅತ್ತೆ ಎದ್ದು ಮೆಣಸಿನ ಸಾರು ಮಾಡಿ ಫ್ಲಾಸ್ಕಿಗೆ ತುಂಬಿದರು.

ಸ್ಟಾಪಿಗೆ ಬಂದದ್ದು ಕೆನೆಬಣ್ಣದ, ಗುಂಡುಮೂತಿಯ ಬಸ್ಸು. ಅಂಥದ್ದನ್ನು ನಾನು ಈ ದೇಶದಲ್ಲಿ ಕಂಡೇ ಇರಲಿಲ್ಲ. ಡ್ರೈವರು ಮುಂದೆ ಅಂಚು ಚಾಚಿದ ಟೋಪಿ, ಬೋ ಟೈ ಹಾಕಿದ ಮುದುಕ. ದುಡ್ಡು ಕೊಡಹೋದರೆ ಬೇಡವೆಂದು ಕೈಯಾಡಿಸಿ ನಕ್ಕ. ಒಳಗೆಲ್ಲ ಡೀಸೆಲ್ ಹೊಗೆಯ ವಾಸನೆ, ಕೂತವರ ಕೊರಳಲ್ಲೆಲ್ಲ ಕ್ಯಾಮೆರಾ.

"ದುಡ್ಡು ಯಾಕೆ ತಗೊಳ್ಳಲಿಲ್ಲ?" ಅತ್ತೆ ಕೇಳಿದರು.

"ಭಾನುವಾರ ಅಲ್ವಾ ಅತ್ತೆ."

ಬಸ್ಸು ಪೇಟೆಯ ಕಡೆ ತಿರುಗಬೇಕಾದಲ್ಲಿ ತಿರುಗದೆ ಕುಂಬಳದ ಹೊಲಗಳ ನಡುವಿನ ಸಣ್ಣ ರಸ್ತೆಗೆ ಇಳಿಯಿತು. ಒಂದು ಸೇತುವೆಯ ಹತ್ತಿರ ನಿಂತಿತು. ಎಲ್ಲರೂ ಇಳಿದು ಬಸ್ಸಿನದೇ ಫೋಟೋ ತೆಗೆದರು. "ಹೊಸ ಬಸ್ಸಿರಬೇಕು," ಎಂದೆ, ಅತ್ತೆ ಕೇಳುವ ಮೊದಲೇ. ಕೆಂಪು ಕೊಟ್ಟಿಗೆಯೊಂದನ್ನು ದಾಟಿದೆವು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೆಂಪು ಕೊಟ್ಟಿಗೆ. ಆಮೇಲೆ ತೋಟದ ಅಂಗಳವೊಂದರಲ್ಲಿ ಎಲ್ಲರನ್ನೂ ಇಳಿಸಿ, ಅದಕ್ಕಿಂತ ಹಳೆಯದಾದ ಹಸಿರು ಬಸ್ಸಿಗೆ ಹತ್ತಿಸಿದರು. ಡ್ರೈವರು ಅದೇ ಮುದುಕ. ನಾವೂ ಫ್ಲಾಸ್ಕ್ ಹಿಡಿದು ಹತ್ತಿದೆವು. ಹತ್ತು ನಿಮಿಷಕ್ಕೆ ಮತ್ತೆ ಕೆಂಪು ಕೊಟ್ಟಿಗೆ! ಬೇಲಿಯ ಮೇಲೆ ಒಣಹಾಕಿದ್ದ ನೀಲಿ ಕಂಬಳಿ ಮೂರನೆಯ ಸಲ ಕಂಡ ಮೇಲೆ ಅನುಮಾನವೇ ಉಳಿಯಲಿಲ್ಲ. ಮೂರೂ ಒಂದೇ ಕೊಟ್ಟಿಗೆ. ಏಳಲು ಹೋದೆ.

"ಆತುರ ಏನಿಲ್ಲ, ಸುತ್ತಲಿ ಬಿಡು," ಎಂದರು ಅತ್ತೆ. ಎಂಥ ತಾಳ್ಮೆ ಎಂದುಕೊಂಡೆ.

ಗಡಿಯಾರ ಮೂರೂವರೆ ತೋರಿಸಿದಾಗ ಧೈರ್ಯ ಮಾಡಿ ಡ್ರೈವರ ಬಳಿ ಹೋಗಿ, "ಹಾಸ್ಪಿಟಲ್? ಮೈ ಹಸ್ಬೆಂಡ್," ಎಂದೆ. ಅವನು ತಟ್ಟನೆ ಬಸ್ಸು ನಿಲ್ಲಿಸಿದ. ಎಳೆಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದ. ಮೂಲೆಗೆ ಎಸೆದಿದ್ದ ಬಸ್ಸುಗಳನ್ನು ಅವನೂ ಅವನ ಗೆಳೆಯರೂ ರಿಪೇರಿ ಮಾಡಿ, ವರ್ಷಕ್ಕೊಂದು ದಿನ ಹಳ್ಳಿಯ ಹಳೆಯ ರೂಟಿನಲ್ಲಿ ಓಡಿಸುತ್ತಾರಂತೆ. ಈ ಬಸ್ಸು ಎಲ್ಲಿಗೂ ಹೋಗುವುದಿಲ್ಲವಂತೆ! ನನ್ನ ಮುಖ ನೋಡಿ ಅವನು ಹಿಂದಕ್ಕೆ ತಿರುಗಿ ಏನೋ ಕೇಳಿದ. ಬಸ್ಸಿನಲ್ಲಿದ್ದವರೆಲ್ಲ ಕೈ ಎತ್ತಿದರು. ಹಸಿರು ಬಸ್ಸು ರೂಟು ಬಿಟ್ಟು, ನರಳುತ್ತ, ಆಸ್ಪತ್ರೆಯ ಬಾಗಿಲಿಗೇ ಹೋಗಿ ನಿಂತಿತು.

"ಬಂತು ಅತ್ತೆ, ಇಳೀರಿ."

ಅತ್ತೆ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತುಬಿಟ್ಟರು.

"ನಿಮ್ಮ ಮಾವನ್ನೂ ಹೀಗೇ ಸೇರಿಸಿದ್ರು," ಎಂದರು. "ಆಪರೇಷನ್ ಆಯ್ತು, ಚೆನ್ನಾಗಿದಾರೆ ಅಂತಲೇ ಹೇಳಿ ಕಳಿಸಿದ್ರು. ಬಸ್ಸಲ್ಲಿ ಹೋದೆ. ಬಸ್ಸಲ್ಲಿ ಇರೋವರೆಗೂ ಅವರು ಇದ್ರು ಕಣೇ. ಇಳಿದ ಮೇಲೇ ಇಲ್ಲ ಅಂದಿದ್ದು."

ಭಾಷೆ ತಿಳಿಯದಿದ್ದರೂ ಮುದುಕ ಟೋಪಿ ತೆಗೆದಿದ್ದ.

"ಇವನು ಚೆನ್ನಾಗಿದಾನೆ ಅಂತ ನಿನಗೆ ಗೊತ್ತಾ?"

ನಾನು ಅವರತ್ತ ಕೈ ಚಾಚಿದೆ.

"ಗೊತ್ತಿಲ್ಲ ಅತ್ತೆ. ಹೋಗಿ ನೋಡೋಣ ಬನ್ನಿ."

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಕಂಬಿ ಬಿಟ್ಟು ನನ್ನ ಕೈ ಹಿಡಿದರು.

ನಮ್ಮವರು ಕಿಟಕಿಯ ಪಕ್ಕ ದಿಂಬಿಗೊರಗಿ ಕೂತಿದ್ದರು. "ಅಮ್ಮಾ, ನೀವಿಬ್ಬರೂ ಯಾವುದೋ ಓಬೀರಾಯನ ಕಾಲದ ಬಸ್ಸಿಂದ ಇಳಿದ ಹಾಗೆ ಕಾಣಿಸ್ತು. ಔಷಧದ ಅಮಲು ಇನ್ನೂ ಇಳಿದಿಲ್ಲವೋ ಏನೋ," ಎಂದರು. ಅತ್ತೆ ಅವರ ಹಣೆ ಮುಟ್ಟಿದರು, ಕೈ ತೆಗೆದರು, ಮತ್ತೆ ಮುಟ್ಟಿದರು.

ಊಟಕ್ಕೆ ಬಂದವರಿಗೆ ನಾನು ಹೇಳುವುದು ಕೊಟ್ಟಿಗೆ, ಕ್ಯಾಮೆರಾ, ಔಷಧದ ಅಮಲು, ಇಷ್ಟೇ. ಮೆಟ್ಟಿಲ ಮೇಲಿನ ಮಾತನ್ನು ಅತ್ತೆ ಇರುವವರೆಗೂ ಹೇಳಲಿಲ್ಲ, ಅವರು ಹೋದ ಮೇಲೂ ಹೇಳಿರಲಿಲ್ಲ. ಮೊನ್ನೆ ಕಾರಿನಲ್ಲಿ ಮಗಳಿಗೆ ಯಾಕೆ ಹೇಳಿದೆನೋ ಕಾಣೆ. ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು.

"ವರ್ ಯು ಸ್ಕೇರ್ಡ್ ಟೂ, ಅಮ್ಮಾ?"

ಈ ಕತೆಯಲ್ಲಿ ನನ್ನ ಪಾಲಿಗೆ ಇದ್ದದ್ದು ಯಾವಾಗಲೂ ಪೆದ್ದುತನ, ಭಯವೆಲ್ಲ ಅತ್ತೆಯದು. ಆದರೆ ಅಷ್ಟು ಹೊತ್ತು ನಾನು ಬಾಯಿ ತೆರೆಯದೆ ಕೂತದ್ದು ಬರೀ ಬಿಗುಮಾನದಿಂದಲೇ? ಇಳಿಯುವುದು ನನಗೂ ಬೇಡವಾಗಿತ್ತೇ?

"ಭಯ ಆಗಿತ್ತು ಕಣೇ. ತುಂಬಾ," ಎಂದೆ. ಬಾಯಿಬಿಟ್ಟು ಹೇಳಿದ ಮೇಲೇ ಅದು ನಿಜವೆಂದು ನನಗೆ ಗೊತ್ತಾದದ್ದು.